ರೆಪ್ಪೆಗೂದಲಿಗೂ ಒಂದು ಸಂಖ್ಯೆ

ವಯಸ್ಸಾದ ಕೆಲವರಿಗೆ ಕಣ್ಣಿನ ರೆಪ್ಪೆಗೂದಲು ಹೊರಕ್ಕೆ ಬಾಗುವ ಬದಲು ಒಳಕ್ಕೆ ತಿರುಗಿಕೊಳ್ಳುತ್ತದೆ. ರೆಪ್ಪೆ ಬಡಿದಾಗಲೆಲ್ಲ ಆ ಕೂದಲು ಕರಿಗುಡ್ಡೆಯನ್ನು ಉಜ್ಜುತ್ತದೆ. ನೀರು ಸುರಿಯುತ್ತದೆ, ಬೆಳಕಿಗೆ ಕಣ್ಣು ಬಿಡಲಾಗುವುದಿಲ್ಲ, ಹಾಗೇ ಬಿಟ್ಟರೆ ಕಾರ್ನಿಯಾದ ಮೇಲೆ ಹುಣ್ಣೂ ಆಗಬಹುದು. ವೈದ್ಯರು ರೋಗಿಯ ಗದ್ದವನ್ನು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದ ಪಟ್ಟಿಯ ಮೇಲೆ ಊರಿಸಿ, ಚಿಮುಟದಿಂದ ಆ ಕೂದಲನ್ನು ಹಿಡಿದು ಕಿತ್ತುಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ. ರೋಗಿ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾನೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ಸಂಖ್ಯೆ ಇದೆ: 67820. ಆ ದೇಶದ ಚಿಕಿತ್ಸಾ ಸಂಕೇತಗಳ ಪುಸ್ತಕದಲ್ಲಿ ಅದು ಬರುವುದು ಶಸ್ತ್ರಚಿಕಿತ್ಸೆಯ ಭಾಗದಲ್ಲಿ. ಹೃದಯದ ಬೈಪಾಸ್ ಯಾವ ಭಾಗದಲ್ಲಿದೆಯೋ, ಚಿಮುಟದಿಂದ ಕಿತ್ತ ರೆಪ್ಪೆಗೂದಲೂ ಅದೇ ಭಾಗದಲ್ಲಿದೆ. ಹೀಗಾಗಿ ಕೆಲವು ವಾರಗಳ ಮೇಲೆ ವಿಮಾ ಕಂಪನಿ ಮನೆಗೆ ಕಳಿಸುವ ವಿವರಪತ್ರದಲ್ಲಿ ‘ಸರ್ಜರಿ’ ಎಂದು ಅಚ್ಚಾಗಿ ಬರುವುದುಂಟು. ನೋಡಿದವರಿಗೆ ಮೊದಲು ಗಾಬರಿ, ಆಮೇಲೆ ಸಿಟ್ಟು. ಸಿಟ್ಟಿಗೆ ಕಾರಣವೂ ಇದೆ. ಎಷ್ಟೋ ಖಾಸಗಿ ಪಾಲಿಸಿಗಳಲ್ಲಿ ವೈದ್ಯರ ಭೇಟಿಗೆ ಒಂದು ನಿಗದಿತ ಮೊತ್ತ ಕೊಟ್ಟರೆ ಮುಗಿಯಿತು. ಸರ್ಜರಿ ಎಂದಾಕ್ಷಣ ಲೆಕ್ಕ ಡಿಡಕ್ಟಿಬಲ್‌ಗೆ ಹೋಗುತ್ತದೆ. ಅಂದರೆ ವರ್ಷದಲ್ಲಿ ಇಂತಿಷ್ಟು ಸಾವಿರ ಡಾಲರ್ ರೋಗಿಯ ಕೈಯಿಂದ ಖರ್ಚಾಗುವವರೆಗೆ ವಿಮಾ ಕಂಪನಿ ಆ ಬಾಬ್ತಿಗೆ ಹಣ ಬಿಚ್ಚುವುದಿಲ್ಲ.

ಈ ಸಂಖ್ಯೆಯನ್ನು ಹಚ್ಚುವವರು ಯಾರು? ಬಹಳಷ್ಟು ಸಲ ಅವರು ಕೂತಿರುವುದು ನಮ್ಮ ಬೆಂಗಳೂರಿನಲ್ಲಿ. ಅಮೆರಿಕದ ಕ್ಲಿನಿಕ್ಕು ಬಾಗಿಲು ಹಾಕಿದ ಹೊತ್ತಿಗೆ ಇಲ್ಲಿ ಬೆಳಗಾಗುತ್ತ ಬಂದಿರುತ್ತದೆ. ಅಲ್ಲಿನ ವೈದ್ಯರು ಬರೆದ ಟಿಪ್ಪಣಿ, ಅಂದರೆ ‘ಚಾರ್ಟ್’, ಇಲ್ಲಿನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಬಿ.ಎಸ್ಸಿ., ಬಿ.ಫಾರ್ಮ, ನರ್ಸಿಂಗ್, ಫಿಸಿಯೊಥೆರಪಿ ಓದಿದ ಹುಡುಗ ಹುಡುಗಿಯರು ಅದನ್ನು ಓದಿ ಸಂಖ್ಯೆಗಳನ್ನು ನೀಡುತ್ತಾರೆ. ಈ ಉದ್ಯೋಗಕ್ಕೆ ಮೆಡಿಕಲ್ ಕೋಡಿಂಗ್ ಎಂದು ಹೆಸರು. 2003ರಲ್ಲಿ ಶುರುವಾಗಿ ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡ ಒಮೆಗಾ ಹೆಲ್ತ್‌ಕೇರ್‌ನಂಥ ಕಂಪನಿಗಳು ಸಾವಿರಾರು ಜನರಿಗೆ ಈ ಕೆಲಸ ಕೊಟ್ಟಿವೆ. ಆದರೂ ಮನೆಯವರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಹೇಳಿ ಮುಗಿಸುವ ಕೋಡರುಗಳು ಹಲವರು. ಕೆಲಸ ಅದಕ್ಕಿಂತ ದೊಡ್ಡದು. ಅದು ಓದಿನ ಕೆಲಸ. ಒಂದು ಪದವನ್ನೂ ಬಿಡದೆ, ಒಂದು ಪದವನ್ನೂ ಸೇರಿಸದೆ ಓದುವ ಕೆಲಸ. ಕಣ್ಣಿನ ಸಣ್ಣಪುಟ್ಟ ಚಿಕಿತ್ಸೆಗಳಲ್ಲಿ ಇದು ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ಪುಸ್ತಕಗಳ ಮಾತು. ಬೇಕಾಗುವುದು ಮುಖ್ಯವಾಗಿ ಎರಡು. ವೈದ್ಯರು ಏನು ಮಾಡಿದರು ಎಂದು ಹೇಳುವುದು ಸಿಪಿಟಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಇದನ್ನು ಮೊದಲು ಹೊರತಂದಿತು. ಅದರ ಹಿಂದಿನ ವರ್ಷ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದ್ದರು. 65 ದಾಟಿದವರ ಆಸ್ಪತ್ರೆ ಖರ್ಚನ್ನು ಸರ್ಕಾರ ವಹಿಸಿಕೊಳ್ಳುವ ಯೋಜನೆ ಅದು. 1983ರಲ್ಲಿ ಮೆಡಿಕೇರ್ ಸಿಪಿಟಿಯನ್ನು ಒಪ್ಪಿಕೊಂಡ ಮೇಲೆ ಖಾಸಗಿ ವಿಮಾ ಕಂಪನಿಗಳಿಗೂ ಅದೇ ಭಾಷೆಯಾಯಿತು. ಇವತ್ತು ಅದರಲ್ಲಿ 10,000ಕ್ಕೂ ಹೆಚ್ಚು ಸಂಕೇತಗಳಿವೆ.

ರೋಗಿಗೆ ಏನಾಗಿತ್ತು ಎಂದು ಹೇಳುವುದು ಎರಡನೆಯದು, ಐಸಿಡಿ. ಇದರ ಬೇರು ಇನ್ನೂ ಹಳೆಯದು. ಫ್ರಾನ್ಸಿನ ಅಂಕಿಅಂಶ ತಜ್ಞ ಜಾಕ್ ಬೆರ್ಟಿಲಾನ್ 1893ರಲ್ಲಿ ಮಂಡಿಸಿದ ಸಾವಿನ ಕಾರಣಗಳ ಪಟ್ಟಿಯೇ ಬೆಳೆಯುತ್ತ ಬಂದು ಈಗಿನ ರೋಗಗಳ ಪಟ್ಟಿಯಾಗಿದೆ. ಅಮೆರಿಕ ಅದರ ಹತ್ತನೆಯ ಆವೃತ್ತಿಗೆ ದಾಟಿದ್ದು 2015ರ ಅಕ್ಟೋಬರ್ 1ರಂದು. ಹಳೆಯದರಲ್ಲಿ ಸುಮಾರು 14,000 ಸಂಕೇತಗಳಿದ್ದವು, ಹೊಸದರಲ್ಲಿ ಸುಮಾರು 68,000. ಇಷ್ಟು ಹಿಗ್ಗಲು ಒಂದು ದೊಡ್ಡ ಕಾರಣ ಎಡ ಬಲ. ಹಳೆಯ ಪಟ್ಟಿಗೆ ಕಣ್ಣಿನಲ್ಲಿ ಕಸ ಬಿದ್ದಿದೆ ಎಂದರೆ ಸಾಕಿತ್ತು. ಹೊಸದಕ್ಕೆ ಯಾವ ಕಣ್ಣು ಎಂದೂ ಬೇಕು, ರೋಗಿ ಸಕ್ರಿಯ ಚಿಕಿತ್ಸೆಯಲ್ಲಿದ್ದಾನೋ, ಚೇತರಿಸಿಕೊಳ್ಳುವ ಹಂತಕ್ಕೆ ಬಂದಿದ್ದಾನೋ ಎಂದೂ ಬೇಕು.

ಆ ಕಸವನ್ನೇ ತೆಗೆದುಕೊಳ್ಳೋಣ. ವೆಲ್ಡಿಂಗ್ ಮಾಡುವವನ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಗಾಳಿಗೆ ಹಾರಿ ಬಂದ ಹೊಟ್ಟು, ಎಲ್ಲ ನೇತ್ರತಜ್ಞರೂ ದಿನಬೆಳಗಾದರೆ ನೋಡುವಂಥದು. ತೆಗೆಯುವುದು ಒಂದೇ ಕೆಲಸ ಎಂದು ಹೊರಗಿನವರಿಗೆ ಅನಿಸುತ್ತದೆ. ಸಿಪಿಟಿಯಲ್ಲಿ ಅದು ನಾಲ್ಕು. ಬಿಳಿಗುಡ್ಡೆಯ ಮೇಲಿನ ತೆಳುಪೊರೆಗೆ ಮೇಲೆಮೇಲೆ ಅಂಟಿದ್ದರೆ 65205. ಅದೇ ಪೊರೆಯೊಳಗೆ ನಾಟಿಕೊಂಡಿದ್ದರೆ 65210. ಕಾರ್ನಿಯಾದ ಮೇಲಿದ್ದು, ಸ್ಲಿಟ್ ಲ್ಯಾಂಪ್ ಇಲ್ಲದೆ ತೆಗೆದರೆ 65220. ಸ್ಲಿಟ್ ಲ್ಯಾಂಪಿನಲ್ಲಿ ನೋಡುತ್ತ ತೆಗೆದರೆ 65222. ವೈದ್ಯರು ಅವಸರದಲ್ಲಿ ‘ಕಣ್ಣಿನಿಂದ ಕಸ ತೆಗೆಯಲಾಯಿತು’ ಎಂದಷ್ಟೇ ಬರೆದಿದ್ದರೆ ಕೋಡರ್ ಏನು ಮಾಡಬೇಕು? ನೇತ್ರತಜ್ಞರ ಕೋಣೆಯಲ್ಲಿ ಸ್ಲಿಟ್ ಲ್ಯಾಂಪ್ ಇದ್ದೇ ಇರುತ್ತದೆ, ಅದರಲ್ಲೇ ತೆಗೆದಿರುತ್ತಾರೆ, ಇದು ಎಲ್ಲರಿಗೂ ಗೊತ್ತು. ಆದರೂ 65222 ಹಾಕುವಂತಿಲ್ಲ. ಬರೆದಿಲ್ಲ ಎಂದರೆ ಮಾಡಿಲ್ಲ ಎಂದೇ ಅರ್ಥ. ಈ ವೃತ್ತಿಗೆ ಬಂದವರಿಗೆ ಮೊದಲ ವಾರ ಹೇಳಿಕೊಡುವ ಮಾತಿದು.

ಆಗ ಉಳಿಯುವ ದಾರಿ ಕ್ವೆರಿ, ಅಂದರೆ ವೈದ್ಯರಿಗೆ ಬರಹದಲ್ಲಿ ಕಳಿಸುವ ಪ್ರಶ್ನೆ. ಅದಕ್ಕೂ ಕಟ್ಟಳೆಯಿದೆ. ‘ಸ್ಲಿಟ್ ಲ್ಯಾಂಪ್ ಬಳಸಿದಿರಲ್ಲವೇ?’ ಎಂದು ಉತ್ತರವನ್ನು ಬಾಯಿಗೆ ಹಾಕಿ ಕೇಳುವಂತಿಲ್ಲ. ‘ಕಸ ಎಲ್ಲಿತ್ತು, ಯಾವ ವಿಧಾನದಿಂದ ತೆಗೆದಿರಿ, ದಯವಿಟ್ಟು ತಿಳಿಸಿ’ ಎಂದು ಕೇಳಬೇಕು. ಹಣದ ವ್ಯವಹಾರದ ನಡುವೆ ಸತ್ಯಕ್ಕೆ ಇಂಥದೊಂದು ಬೇಲಿ ಹಾಕಿರುವುದು ನಿಜಕ್ಕೂ ಗೌರವ ಹುಟ್ಟಿಸುವ ಸಂಗತಿ.

ರೆಪ್ಪೆಯ ಗಂಟಿನದು ಇನ್ನೊಂದು ಬಗೆ. ರೆಪ್ಪೆಯೊಳಗಿನ ಜಿಡ್ಡಿನ ಗ್ರಂಥಿಯ ಬಾಯಿ ಕಟ್ಟಿಕೊಂಡರೆ ಕಾಳಿನಂಥ ಗಂಟೇಳುತ್ತದೆ. ವೈದ್ಯರು ಇದನ್ನು ಕಲೇಜಿಯನ್ ಎನ್ನುತ್ತಾರೆ. ಬಿಸಿ ಶಾಖಕ್ಕೆ ಕರಗದಿದ್ದರೆ ರೆಪ್ಪೆಗೆ ಮರಗಟ್ಟುವ ಸೂಜಿ ಚುಚ್ಚಿ, ಕೊಯ್ದು ಕೆರೆದು ತೆಗೆಯುತ್ತಾರೆ. ಒಂದೇ ಗಂಟಾದರೆ 67800. ಒಂದೇ ರೆಪ್ಪೆಯಲ್ಲಿ ಹಲವು ಗಂಟುಗಳಾದರೆ 67801. ಬೇರೆಬೇರೆ ರೆಪ್ಪೆಗಳಲ್ಲಿ ಇದ್ದರೆ 67805. ಪೂರ್ಣ ಅರಿವಳಿಕೆ ಕೊಟ್ಟು ತೆಗೆದರೆ, ಮಕ್ಕಳಿಗೆ ಹೆಚ್ಚಾಗಿ ಹಾಗೆಯೇ ಮಾಡಬೇಕಾಗುತ್ತದೆ, ಗಂಟು ಒಂದಿರಲಿ ನಾಲ್ಕಿರಲಿ 67808. ಹೊಸಬರು ಎಡವುವುದು ಇಲ್ಲಿ. ಎರಡು ರೆಪ್ಪೆಗಳಲ್ಲಿ ಒಂದೊಂದು ಗಂಟು ತೆಗೆದಿದ್ದಾರೆ ಎಂದು ಓದಿ 67800 ಅನ್ನು ಎರಡು ಸಲ ಬರೆದುಬಿಡುತ್ತಾರೆ. ಹಾಗೆ ಬರೆದರೆ ಒಂದು ಕೆಲಸವನ್ನು ಎರಡಾಗಿ ಒಡೆದು ಮಾರಿದಂತೆ.

ಇದಕ್ಕಿಂತ ಕಣ್ಕಟ್ಟಿನದು ರೆಪ್ಪೆಯ ಗುರುತು. ಯಾವ ರೆಪ್ಪೆ ಎಂದು ಹೇಳಲು ಸಂಕೇತದ ಕೊನೆಗೆ ಎರಡಕ್ಷರದ ಬಾಲ ಅಂಟಿಸುತ್ತಾರೆ, ಅದಕ್ಕೆ ಮಾಡಿಫೈಯರ್ ಎಂದು ಹೆಸರು. ಇ1 ಎಂದರೆ ಎಡಗಣ್ಣಿನ ಮೇಲಿನ ರೆಪ್ಪೆ, ಇ2 ಎಡಗಣ್ಣಿನ ಕೆಳಗಿನದು, ಇ3 ಬಲಗಣ್ಣಿನ ಮೇಲಿನದು, ಇ4 ಬಲಗಣ್ಣಿನ ಕೆಳಗಿನದು. ಎಣಿಕೆ ಎಡದಿಂದ ಶುರು. ಅದೇ ಗಂಟಿಗೆ ಐಸಿಡಿಯಲ್ಲಿ ರೋಗದ ಸಂಕೇತ ಹುಡುಕಿದರೆ ಎಚ್00.11 ಎಂದರೆ ಬಲಗಣ್ಣಿನ ಮೇಲಿನ ರೆಪ್ಪೆ, ಎಚ್00.14 ಎಂದರೆ ಎಡಗಣ್ಣಿನ ಮೇಲಿನದು. ಇಲ್ಲಿ ಎಣಿಕೆ ಬಲದಿಂದ ಶುರು. ಎರಡು ಪಟ್ಟಿಗಳು ಬೇರೆಬೇರೆಯಾಗಿ ಹುಟ್ಟಿ ಬೆಳೆದದ್ದರ ಫಲ ಇದು. ಸಂಜೆಯ ಹೊತ್ತಿಗೆ ದಣಿದ ಕಣ್ಣಿಗೆ ಎರಡರ ಕೊನೆಯಲ್ಲೂ 1 ಕಂಡು ಇ1ರ ಜೊತೆ ಎಚ್00.11 ಸೇರಿಸಿದರೆ ಮುಗಿಯಿತು: ಬಲಗಣ್ಣಿನ ರೋಗಕ್ಕೆ ಎಡಗಣ್ಣನ್ನು ಕೊಯ್ದಂತೆ ದಾಖಲೆಯಾಗುತ್ತದೆ. ವಿಮಾ ಕಂಪನಿಯ ಕಂಪ್ಯೂಟರು ಅದನ್ನು ಹಿಂದಕ್ಕೆ ತಳ್ಳಿದರೆ ಒಳ್ಳೆಯದೇ. ತಳ್ಳದೆ ಒಳಗೆ ಬಿಟ್ಟುಕೊಂಡರೆ ಆ ರೋಗಿಯ ಇತಿಹಾಸದಲ್ಲಿ ಸುಳ್ಳೊಂದು ಉಳಿದುಬಿಡುತ್ತದೆ.

ಕಣ್ಣು ಒಣಗುವ ತೊಂದರೆ ಇರುವವರಿಗೆ ಕಣ್ಣೀರು ಮೂಗಿಗೆ ಇಳಿದು ಹೋಗದಂತೆ ರೆಪ್ಪೆಯ ಅಂಚಿನ ಸಣ್ಣ ರಂಧ್ರಕ್ಕೆ ಪ್ಲಗ್ ಕೂರಿಸುತ್ತಾರೆ. ಸಂಕೇತ 68761. ಇದನ್ನು ಪ್ಲಗ್ಗಿಗೊಂದರಂತೆ ಎಣಿಸುತ್ತಾರೆ, ಆದ್ದರಿಂದ ಯಾವ ರೆಪ್ಪೆ ಎಂಬ ಬಾಲ ಇಲ್ಲಿ ಬೇಕೇ ಬೇಕು. ಒಂದೇ ದಿನ ಎರಡು ಕೂರಿಸಿದರೆ ಮೆಡಿಕೇರ್ ಮೊದಲನೆಯದಕ್ಕೆ ಪೂರ್ತಿ, ಎರಡನೆಯದಕ್ಕೆ ಅರ್ಧ ಕೊಡುತ್ತದೆ. ಪ್ಲಗ್ಗಿನ ಬೆಲೆಯನ್ನು ಬೇರೆಯಾಗಿ ಕೇಳುವಂತಿಲ್ಲ. ಕೃತಕ ಕಣ್ಣೀರಿನ ಹನಿ ಮೊದಲಾದ ಸುಲಭದ ಉಪಾಯಗಳನ್ನು ಮಾಡಿ ನೋಡಲಾಗಿದೆ ಎಂಬ ಮಾತು ಟಿಪ್ಪಣಿಯಲ್ಲಿ ಇರಬೇಕೆಂದು ಹಲವು ವಿಮಾದಾರರು ಕೇಳುತ್ತಾರೆ.

ಸಣ್ಣ ಚಿಕಿತ್ಸೆ ಎಂದರೆ ಯಾವುದು ಎಂಬುದಕ್ಕೂ ಮೆಡಿಕೇರ್ ಬಳಿ ಅಳತೆಗೋಲಿದೆ. ಅದು ಗಾಯದ ಗಾತ್ರವನ್ನು ನೋಡುವುದಿಲ್ಲ, ದಿನಗಳನ್ನು ಎಣಿಸುತ್ತದೆ. ಪ್ರತಿ ಚಿಕಿತ್ಸೆಯ ಬೆಲೆಯಲ್ಲೂ ಆಮೇಲಿನ ಕೆಲವು ದಿನಗಳ ಆರೈಕೆ ಸೇರಿರುತ್ತದೆ. ಆ ದಿನಗಳು ಸೊನ್ನೆ ಅಥವಾ 10 ಆದರೆ ಚಿಕಿತ್ಸೆ ಸಣ್ಣದು, 90 ಆದರೆ ದೊಡ್ಡದು. ಕಸ ತೆಗೆಯುವುದು ಸೊನ್ನೆ ದಿನದ್ದು: ಮರುದಿನ ಕಬ್ಬಿಣದ ತುಕ್ಕು ಉಳಿದಿದೆಯೇ ಎಂದು ನೋಡಲು ಕರೆದರೆ ಆ ಭೇಟಿಗೆ ಬೇರೆ ಹಣ ಕೇಳಬಹುದು. ರೆಪ್ಪೆಯ ಗಂಟು 10 ದಿನದ್ದು: ವಾರದೊಳಗೆ ಗಾಯ ತೋರಿಸಲು ಬಂದರೆ ಆ ಭೇಟಿ ಮೊದಲು ಕೊಟ್ಟ ಹಣದಲ್ಲೇ ಸೇರಿದೆ. ಪೊರೆಯ ಆಪರೇಷನ್ ಆದವರಿಗೆ ಆಮೇಲೆ ಮಸೂರದ ಹಿಂದಿನ ಪದರ ಮಂಜಾದಾಗ ಕೆಲವೇ ನಿಮಿಷ ಲೇಸರ್ ಹಾಯಿಸುತ್ತಾರಲ್ಲ, ಅದು 90 ದಿನದ್ದು. ರೋಗಿಗೆ ಅದು ಕೂತು ಎದ್ದಷ್ಟೇ ಹೊತ್ತು, ಲೆಕ್ಕದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ.

ಈಗ ಈ ಕ್ಷೇತ್ರದ ದೊಡ್ಡ ಜಗಳದ ಮಾತು. ವೈದ್ಯರು ರೋಗಿಯನ್ನು ಪರೀಕ್ಷಿಸಿದ ದಿನವೇ ಸಣ್ಣ ಚಿಕಿತ್ಸೆಯನ್ನೂ ಮಾಡಿದರೆ ಎರಡಕ್ಕೂ ಹಣ ಕೇಳಬಹುದೇ? ಸಾಮಾನ್ಯ ಉತ್ತರ, ಕೇಳಬಾರದು. ಏಕೆಂದರೆ ನೋಡುವುದು, ತೆಗೆಯಬೇಕೆಂದು ನಿರ್ಧರಿಸುವುದು, ತೆಗೆಯುವುದು ಎಲ್ಲ ಸೇರಿಯೇ ಚಿಕಿತ್ಸೆಯ ಬೆಲೆ. ಪರೀಕ್ಷೆ ಆ ಚಿಕಿತ್ಸೆಗಿಂತ ಬೇರೆಯದೇ ಆಗಿದ್ದರೆ, ಗಣನೀಯವೂ ಆಗಿದ್ದರೆ, 25 ಎಂಬ ಮಾಡಿಫೈಯರ್ ಹಾಕಿ ಎರಡನ್ನೂ ಕೇಳಬಹುದು.

ಕಣ್ಣಿಗೆ ಕಸ ಬಿತ್ತೆಂದು ಒಬ್ಬ ಬರುತ್ತಾನೆ. ವೈದ್ಯರು ನೋಡಿದರು, ತೆಗೆದರು, ಹನಿ ಬರೆದುಕೊಟ್ಟರು. ಇದಕ್ಕೆ 65222 ಒಂದೇ. ಅವನು ಆ ಕ್ಲಿನಿಕ್ಕಿಗೆ ಮೊದಲ ಬಾರಿ ಬಂದವನು ಎಂಬುದೂ ಪರೀಕ್ಷೆಯ ಹಣ ಕೇಳಲು ಸಾಕಾದ ಕಾರಣವಲ್ಲ. ಇನ್ನೊಬ್ಬರು ಗ್ಲಾಕೋಮಾ ತಪಾಸಣೆಗೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಬಂದವರು. ಕಣ್ಣಿನ ಒತ್ತಡ ಅಳೆದಾಯಿತು, ನರ ನೋಡಿದ್ದಾಯಿತು, ಔಷಧಿ ಬದಲಾಯಿಸಿದ್ದಾಯಿತು. ಏಳುವ ಮೊದಲು, ‘ಎರಡು ದಿನದಿಂದ ಈ ಕಣ್ಣು ಚುಚ್ಚುತ್ತಿದೆ ಡಾಕ್ಟ್ರೇ’ ಎಂದರು. ನೋಡಿದರೆ ಒಳಕ್ಕೆ ತಿರುಗಿದ ರೆಪ್ಪೆಗೂದಲು; ಕಿತ್ತರು. ಇಲ್ಲಿ ಗ್ಲಾಕೋಮಾದ ಪರೀಕ್ಷೆ ಬೇರೆ, ಕೂದಲು ಕಿತ್ತದ್ದು ಬೇರೆ. 25 ಹಾಕುವುದು ನ್ಯಾಯ. ಆದರೆ ಗ್ಲಾಕೋಮಾಕ್ಕಾಗಿ ಏನೇನು ಮಾಡಿದರು ಎಂಬುದು ಟಿಪ್ಪಣಿಯಲ್ಲಿ ಬಿಡಿಬಿಡಿಯಾಗಿ ಕಾಣಬೇಕು.

ಗೆರೆ ಇಷ್ಟು ಸ್ಪಷ್ಟವಾಗಿದ್ದರೂ ದಾಟುವವರು ಕಡಿಮೆಯಿಲ್ಲ. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2005ರ ವರದಿಯಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿತು. 2002ರಲ್ಲಿ 25ನೇ ಮಾಡಿಫೈಯರ್ ಹಾಕಿ ಮೆಡಿಕೇರ್‌ನಿಂದ ಹಣ ಪಡೆದ ಕ್ಲೇಮುಗಳಲ್ಲಿ ಶೇ 35ರಷ್ಟು ನಿಯಮಕ್ಕೆ ಹೊಂದುತ್ತಿರಲಿಲ್ಲ. ತಪ್ಪಾಗಿ ಹೋದ ಹಣ 53.8 ಕೋಟಿ ಡಾಲರ್. ಇದು ಎಲ್ಲ ಬಗೆಯ ವೈದ್ಯರನ್ನೂ ಸೇರಿಸಿದ ಲೆಕ್ಕ, ಕಣ್ಣಿನವರದ್ದಷ್ಟೇ ಅಲ್ಲ. ಇದರಲ್ಲಿ ಬೇಕೆಂದೇ ಮಾಡಿದ ಮೋಸ ಎಷ್ಟು, ದಾಖಲೆಯ ಸೋಮಾರಿತನ ಎಷ್ಟು ಎಂದು ಬಿಡಿಸುವುದು ಕಷ್ಟ. ಎರಡೂ ಇರುತ್ತವೆ. ವಂಚನೆ ದೊಡ್ಡದಾದಾಗ ಅದು ನ್ಯಾಯಾಲಯಕ್ಕೂ ಹೋಗುತ್ತದೆ. ಫ್ಲಾರಿಡಾದ ನೇತ್ರತಜ್ಞ ಸಾಲೊಮನ್ ಮೆಲ್ಗೆನ್ ಇಲ್ಲದ ಅಕ್ಷಿಪಟಲದ ರೋಗವನ್ನು ರೋಗಿಗಳ ತಲೆಗೆ ಕಟ್ಟಿ ಮೆಡಿಕೇರ್‌ನಿಂದ ಹಣ ಎಳೆದ ಅಪರಾಧಕ್ಕೆ 2018ರಲ್ಲಿ 17 ವರ್ಷದ ಶಿಕ್ಷೆಗೆ ಗುರಿಯಾದರು. 2021ರ ಜನವರಿಯಲ್ಲಿ ಅಧ್ಯಕ್ಷರು ಆ ಶಿಕ್ಷೆಯನ್ನು ಮೊಟಕುಗೊಳಿಸಿದರು.

ಬೆಂಗಳೂರಿನ ಕೋಡರಿಗೆ ಇದೆಲ್ಲ ದೂರದ ಸುದ್ದಿಯಾಗಿ ಉಳಿಯುವುದಿಲ್ಲ. ಸಾಮಾನ್ಯವಾಗಿ ಅವರ ಕೆಲಸವನ್ನು ಆಡಿಟ್ ಮಾಡುತ್ತಾರೆ. ನೂರಕ್ಕೆ 95 ಸರಿಯಿರಬೇಕೆಂಬುದು ಈ ಉದ್ಯಮದಲ್ಲಿ ರೂಢಿಯಾದ ಮಟ್ಟ. ದಿನಕ್ಕೆ ಇಂತಿಷ್ಟು ಚಾರ್ಟ್ ಎಂಬ ಗುರಿಯೂ ಇರುತ್ತದೆ. ರೋಗಿಗಳ ಗುಟ್ಟು ಹೊರಹೋಗದಿರಲೆಂದು ಅನೇಕ ಕಡೆ ಮೊಬೈಲು, ಪೆನ್ನು, ಕಾಗದ ಒಳಗೆ ಒಯ್ಯುವಂತಿಲ್ಲ. ಬಡ್ತಿ ಬೇಕಾದರೆ ಸಿಪಿಸಿ ಎಂಬ ಕೋಡರುಗಳ ಅರ್ಹತಾ ಪರೀಕ್ಷೆ ಪಾಸಾಗಬೇಕು: 100 ಪ್ರಶ್ನೆ, 4 ಗಂಟೆ, ಶೇ 70 ಅಂಕ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಆದರೂ ಮೊದಲ ಸಲಕ್ಕೆ ದಾಟಲಾಗದವರು ಇದ್ದಾರೆ, ಏಕೆಂದರೆ ಪುಟ ಹುಡುಕುತ್ತ ಕೂರುವಷ್ಟು ಸಮಯ ಅಲ್ಲಿಲ್ಲ. ಪಾಸಾದರೂ ಓದು ನಿಲ್ಲುವುದಿಲ್ಲ. ಪ್ರತಿ ಅಕ್ಟೋಬರ್ 1ಕ್ಕೆ ಐಸಿಡಿ ಬದಲಾಗುತ್ತದೆ, ಪ್ರತಿ ಜನವರಿ 1ಕ್ಕೆ ಸಿಪಿಟಿ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿಯೊಬ್ಬಳು ಇಲ್ಲಿ ಕೂತು ಅಮೆರಿಕದ ವೈದ್ಯರ ಟಿಪ್ಪಣಿಯಲ್ಲಿ ಎಡ ಬಲ ತಪ್ಪಿದ್ದನ್ನು ಹಿಡಿದಳೆಂದರೆ ಅದು ಹೆಮ್ಮೆಪಡಬೇಕಾದ ಕಸುಬುದಾರಿಕೆ. ಗುರಿ ಮುಟ್ಟಿಸುವ ಒತ್ತಡದಲ್ಲಿ ಇಂಥ ಎಚ್ಚರವನ್ನು ಕೊಲ್ಲುವ ಮೇಲ್ವಿಚಾರಕರು ತಮ್ಮ ಕಂಪನಿಗೇ ಕೆಡುಕು ಮಾಡುತ್ತಿದ್ದಾರೆ.

ಕ್ಲೇಮು ತಿರಸ್ಕೃತವಾದಾಗ ಬರುವ ಉತ್ತರದಲ್ಲೂ ಸಂಕೇತಗಳೇ. ಅದರ ಮೊದಲೆರಡು ಅಕ್ಷರಗಳಲ್ಲಿ ರೋಗಿಯ ಹಣೆಬರಹ ಇರುತ್ತದೆ. ಸಿಒ ಎಂದು ಶುರುವಾದರೆ ಆ ನಷ್ಟ ವೈದ್ಯರದು, ಒಪ್ಪಂದದ ಪ್ರಕಾರ ರೋಗಿಯಿಂದ ವಸೂಲು ಮಾಡುವಂತಿಲ್ಲ. ಪಿಆರ್ ಎಂದು ಶುರುವಾದರೆ ರೋಗಿ ಕೊಡಬೇಕು. ಸಿಒ-97 ಎಂದರೆ, ಈ ಕೆಲಸ ಈಗಾಗಲೇ ಹಣ ಕೊಟ್ಟ ಇನ್ನೊಂದರಲ್ಲಿ ಸೇರಿದೆ. ಪಿಆರ್-1 ಎಂದರೆ ಡಿಡಕ್ಟಿಬಲ್. ಇವನ್ನು ಓದಿ ವಿಮಾ ಕಂಪನಿಗೆ ಫೋನು ಮಾಡುವವರು ಎಆರ್ ಕಾಲರುಗಳು. ಅಮೆರಿಕದ ಕಚೇರಿ ತೆರೆದಿರುವ ಹೊತ್ತಿಗೇ ಮಾತಾಡಬೇಕಾದ್ದರಿಂದ ಅವರದು ರಾತ್ರಿ ಪಾಳಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ವಿಷಯ ನೇರವಾಗಿ ತಟ್ಟುತ್ತದೆ. ಅವರ ಕೈಯಲ್ಲಿರುವುದು ಪ್ರವಾಸದ ವಿಮೆ. ಮೊದಲೇ ಇದ್ದ ಕಾಯಿಲೆಗಳನ್ನು ಅಂಥ ಪಾಲಿಸಿಗಳು ಬಹುಮಟ್ಟಿಗೆ ಒಪ್ಪುವುದಿಲ್ಲ. ವರ್ಷಗಳಿಂದ ಕಾಡುತ್ತಿದ್ದ ರೆಪ್ಪೆಯ ಗಂಟು ಅಲ್ಲಿ ಕೆರಳಿದರೆ ಖರ್ಚು ಕೈಯಿಂದಲೇ ಹೋಗಬಹುದು. ಚಿಕಿತ್ಸೆಗೆ ಮೊದಲೇ ಯಾವ ಸಿಪಿಟಿ ಸಂಕೇತ ಹಾಕುತ್ತೀರಿ, ಪರೀಕ್ಷೆಗೆ ಬೇರೆ ಹಣ ಇದೆಯೇ, ಆಮೇಲಿನ ಭೇಟಿ ಇದರಲ್ಲೇ ಸೇರಿದೆಯೇ ಎಂದು ಮುಂಗಟ್ಟೆಯಲ್ಲಿ ಕೇಳಲು ಸಂಕೋಚ ಬೇಡ. 2022ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ವಿಮೆ ಇಲ್ಲದೆ ಅಥವಾ ವಿಮೆ ಬಳಸದೆ ಕೈಯಿಂದ ಕೊಡುವವರಿಗೆ ಕ್ಲಿನಿಕ್ಕು ಮುಂಚಿತವಾಗಿ ಸಮಯ ಗೊತ್ತುಮಾಡಿದ ಚಿಕಿತ್ಸೆಯ ಅಂದಾಜು ಮೊತ್ತವನ್ನು ಸಂಕೇತಗಳ ಸಮೇತ ಬರೆದುಕೊಡಬೇಕು. ಆ ಕಾಗದವನ್ನು ಎತ್ತಿಟ್ಟುಕೊಳ್ಳಬೇಕು. ಅಂತಿಮ ಬಿಲ್ಲು ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚಾಗಿ ಬಂದರೆ, ಮೊದಲ ಬಿಲ್ಲಿನ ತಾರೀಖಿನಿಂದ 120 ದಿನಗಳೊಳಗೆ ಸರ್ಕಾರದ ಮುಂದೆ ತಕರಾರು ಹೂಡಬಹುದು. ಅಷ್ಟರೊಳಗೆ ಊರಿಗೆ ಮರಳುವವರು ಕಾಗದಗಳ ಒಂದು ಪ್ರತಿಯನ್ನು ಅಲ್ಲಿರುವ ಮಕ್ಕಳ ಬಳಿ ಬಿಟ್ಟು ಬರುವುದು ಒಳ್ಳೆಯದು.